ಮೇಪಲ್ ಕೊಪ್ಪರಿಗೆಗೆ ಒಂದು ಖಾಸಗಿ ಓಣಿ

ವರ್ಮಾಂಟ್, ಆಸ್ಪತ್ರೆಯ ಹಾಸಿಗೆಯಿಂದ
ಮಾರ್ಚ್ 19

ಪ್ರೀತಿಯ ನಾದಿನಿ ಲೋರ್ನಾ,

ವಿಪಿಎನ್ ಅಂದರೆ ಕಳ್ಳರ ಕಸುಬು ಎಂದು ನಿನ್ನನ್ನು ಗೇಲಿ ಮಾಡಿದ್ದೆನಲ್ಲ, ಆ ಮಾತನ್ನು ಸಕಲ ಮರ್ಯಾದೆಗಳೊಂದಿಗೆ ಹಿಂದಕ್ಕೆ ಪಡೆದಿದ್ದೇನೆ. ನನ್ನ ಟ್ಯಾಬ್ಲೆಟ್ಟಿನಿಂದ ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುವ ನಮ್ಮ ಗುಡಿಸಲಿನ ಹಳೇ ಕಂಪ್ಯೂಟರಿಗೆ, ಹೊರಗಿನವರು ಯಾರೂ ಕಾಲಿಡದಂಥ ಓಣಿಯೊಂದನ್ನು ನೀನು ಹತ್ತೇ ನಿಮಿಷದಲ್ಲಿ ಹಾಕಿಕೊಟ್ಟೆ. ನಾನು ಒತ್ತಬೇಕಾದದ್ದು ಒಂದೇ ಗುಂಡಿ. ಸೊಂಟ ಮುರಿದವನಿಗೂ ಅಷ್ಟು ಸಾಧ್ಯ.

ನಲವತ್ತು ವರ್ಷದಲ್ಲಿ ಮೊದಲ ಸಲ ನಿನ್ನ ಅಕ್ಕ ಒಬ್ಬಳೇ ಪಾಕ ಕಾಯಿಸುತ್ತಿದ್ದಾಳೆ. ನಿನ್ನೆ ಅವಳು ಸೌದೆ ತರಲು ಹೋದಾಗ ಕೊಪ್ಪರಿಗೆಯಲ್ಲಿ ನೊರೆ ಏರುವುದು ಆ ಕಂಪ್ಯೂಟರಿನ ಕ್ಯಾಮೆರಾದಲ್ಲಿ ನನಗೆ ಇಲ್ಲಿಂದಲೇ ಕಂಡಿತು. ಉಕ್ಕಿಹೋದರೆ ತಳ ಹತ್ತಿ ಇಡೀ ದಿನದ ಪಾಕ ಹಾಳು. ಫೋನ್ ಮಾಡಿ, "ಓಡು, ಬೆಣ್ಣೆ ಹಾಕು" ಎಂದೆ. ಒಂದು ಚೂರು ಬಿದ್ದದ್ದೇ ನೊರೆ ಇಳಿಯಿತು.

"ಆಸ್ಪತ್ರೇಲಾದ್ರೂ ಸುಮ್ನಿರಬಾರ್ದಾ ಮಾರಾಯ" ಎಂದು ಬೈದಳು. ಆಮೇಲೆ ಹೊಸ ಪಾಕದ ಶೀಶೆಯನ್ನು ಕ್ಯಾಮೆರಾ ಎದುರು ಬೆಳಕಿಗೆ ಹಿಡಿದು, "ಬಣ್ಣ ಸರಿಯಿದ್ಯಾ, ಹೇಳು" ಎಂದಳು. ಪ್ರತಿವರ್ಷ ಅದನ್ನು ಹೇಳುವವನು ನಾನೇ.

ಒಂದು ಕೋರಿಕೆ. ಕರೆಂಟು ಉಳಿಸಲು ಅವಳು ಆಗಾಗ ಕಂಪ್ಯೂಟರಿನ ಪ್ಲಗ್ ಕೀಳುತ್ತಾಳೆ, ಓಣಿ ಮುಚ್ಚಿಹೋಗುತ್ತದೆ. ಕೀಳಬೇಡ ಅಂತ ನೀನೇ ಹೇಳು. ನಾನು ಹೇಳಿದರೆ, ಪಾಕವನ್ನಲ್ಲ, ತನ್ನನ್ನು ನೋಡೋಕೇ ಇದೆಲ್ಲ ಅಂದುಕೊಳ್ಳುತ್ತಾಳೆ.

ಅದು ನಿಜ ಅನ್ನೋದನ್ನು ಮಾತ್ರ ಹೇಳಬೇಡ.

ನಿನ್ನ ಋಣಿ ಭಾವ,
ಆರ್ವಿಲ್