ಇಳಿದವರ ಕಾವಲು

ಎಡೆದೊರೆ ಗಣರಾಜ್ಯ, ರಾಯಚೂರು
ಕ್ರಿ.ಶ. ೨೩೧೧, ಹದಿಮೂರನೆಯ ತಿಂಗಳ ಮೊದಲ ದಿನ

ನನಗಿಂತ ಬಹಳ ಹಿಂದೆ ಬದುಕುತ್ತಿರುವ ಹಿರಿಯರಿಗೆ ನೀಲಗಂಗವ್ವಳ ಶರಣು.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಉಳಿದ ತಿಂಗಳುಗಳನ್ನು ಮೊಟಕು ಮಾಡಿ, ಬೇಸಿಗೆಗೆಂದೇ ನಾವು ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಾಡು ನಮ್ಮದು. ಇದನ್ನು ಆಳುವವರಿಗೆ ‘ಮೊದಲಿಗ’ ಎನ್ನುತ್ತೇವೆ. ಅಧಿಕಾರ ಬಿಟ್ಟವರಿಗೆ ‘ಇಳಿದವರು’ ಎನ್ನುತ್ತೇವೆ. ಹಗಲಿಡೀ ‘ನೆಲಪೇಟೆ’ಗಳಲ್ಲಿ, ಅಂದರೆ ಬಂಡೆ ಕೊರೆದು ನೆಲದಡಿಯಲ್ಲಿ ಮಾಡಿಕೊಂಡ ಬೀದಿಗಳಲ್ಲಿ ಇರುತ್ತೇವೆ. ಕಾಳು ಬೀಸುವುದು, ಮಕ್ಕಳಿಗೆ ಪಾಠ, ಮದುವೆ ಮಾತುಕತೆ ಎಲ್ಲವೂ ಅಲ್ಲೇ. ಬೆಳಗಿನ ತಂಪಿನಲ್ಲಷ್ಟೇ ಮೇಲೆ ಬಂದು, ‘ಇಬ್ಬನಿ ಬಲೆ’ಗಳಲ್ಲಿ ಸೇರಿದ ನೀರನ್ನು ತುಂಬಿಕೊಳ್ಳುತ್ತೇವೆ.

ಆ ಬಲೆಗಳನ್ನು ನಾಡಿಗೆ ತಂದವನು ಮುರಿಗೆಪ್ಪ ಕೊಡೇಕಲ್ಲ. ಎರಡು ಸಲ ಮೊದಲಿಗನಾಗಿದ್ದ. ಅವನು ಇಳಿದಾಗ ಆಗಿನ ಕಾನೂನಿನಂತೆ ಗುಡ್ಡದ ಬಂಗಲೆ ಕೊಟ್ಟರು, ಸಾಯುವವರೆಗೆ ಬಂದೂಕಿನ ಪಡೆಯನ್ನೂ ಕೊಟ್ಟರು. ಇಳಿದವರನ್ನು ಯಾವ ನ್ಯಾಯಾಲಯವೂ ಕರೆಸುವಂತಿರಲಿಲ್ಲ, ಮತ್ತೆ ಎಷ್ಟು ಸಲವಾದರೂ ಚುನಾವಣೆಗೆ ನಿಲ್ಲಬಹುದಿತ್ತು. ನಾಡಿಗೆ ನೀರು ಕೊಟ್ಟವನಿಗೆ ಇಷ್ಟೂ ಮಾಡದಿದ್ದರೆ ಹೇಗೆ ಎಂದು ಜನ ಸಂತೋಷದಿಂದಲೇ ಒಪ್ಪಿದ್ದರು. ಆ ಪಡೆಯ ಮುಖ್ಯಸ್ಥ ಬಸಲಿಂಗ, ನನ್ನ ಗಂಡ.

ಮುರಿಗೆಪ್ಪ ಮೂರನೆಯ ಸಲ ನಿಂತು ಸೋತ. ಗೆದ್ದವಳು ಮೆಹಬೂಬಿ, ಕಾಲುವೆ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವಳು. ಅವಳು ಪ್ರಮಾಣವಚನ ಸ್ವೀಕರಿಸುವ ಬೆಳಿಗ್ಗೆ ಸಭಾಭವನದ ಮುಂದೆ ಜನವೋ ಜನ. ನಾನು ನರ್ಸ್. ಬಿಸಿಲಿಗೆ ಬಿದ್ದವರನ್ನು ನೋಡಿಕೊಳ್ಳಲು ಮೆಟ್ಟಿಲ ಪಕ್ಕದಲ್ಲೇ ಡೇರೆ ಹಾಕಿಕೊಂಡಿದ್ದೆ. ಗುಡ್ಡದಿಂದ ಪಡೆಯ ಗಾಡಿಗಳು ಇಳಿದು ಬಂದಾಗ ಹಿರಿಯನು ಹರಸಲು ಬಂದನೆಂದು ಜನ ದಾರಿ ಬಿಟ್ಟುಕೊಟ್ಟರು.

ಮುರಿಗೆಪ್ಪ ಇಳಿದು, ಮೆಟ್ಟಿಲ ಮೇಲೆ ಕುಳಿತ ಜನರನ್ನೊಮ್ಮೆ ನೋಡಿದ.

“ಈ ನಾಡು ನನ್ನ ಕೈಯಾಗ ಬೆಳದೈತಿ,” ಎಂದ. “ಬಸಲಿಂಗ, ಮೆಟ್ಟಿಲ ಖಾಲಿ ಮಾಡಸು.”

ನನ್ನ ಗಂಡ ಬಂದೂಕನ್ನು ಹೆಗಲಿಗೇರಿಸಿ ಕೈಮುಗಿದ. “ಹೊಳ್ಳಿ ಹೋಗೂಣ್ರಿ ಧಣಿ. ಮಂದಿ ಮ್ಯಾಲ ಗುಂಡು ಹಾಕೂದು ನನ್ನ ಕೈಲೆ ಆಗಂಗಿಲ್ರಿ.”

ಮುರಿಗೆಪ್ಪ ಪಕ್ಕದವನ ಸೊಂಟದಿಂದ ಪಿಸ್ತೂಲು ಎಳೆದುಕೊಂಡು ಬಸಲಿಂಗನ ಕುತ್ತಿಗೆಗೆ ಹೊಡೆದ.

ಓಡಿಹೋಗಿ ಎರಡೂ ಕೈಯಿಂದ ಗಾಯ ಒತ್ತಿ ಹಿಡಿದೆ. ಬೆರಳ ಸಂದಿಯಿಂದ ಬಿಸಿ ರಕ್ತ ಚಿಮ್ಮುತ್ತಲೇ ಇತ್ತು. ಅವನ ತುಟಿಗಳು ಅಲುಗಿ ನಿಂತವು. ಪಡೆಯ ಉಳಿದವರ ಗುಂಡುಗಳು ನನ್ನ ತಲೆಯ ಮೇಲಿಂದ ಮೆಟ್ಟಿಲಿನತ್ತ ಹಾರುತ್ತಿದ್ದವು. ಮೆಟ್ಟಿಲ ಮೇಲಿನವರು ಒಬ್ಬರ ಮೇಲೊಬ್ಬರು ಉರುಳಿ ಬಿದ್ದರು. ಮಗುವನ್ನು ಅವುಚಿಕೊಂಡಿದ್ದ ಹೆಂಗಸೊಬ್ಬಳು ಕೂತಲ್ಲೇ ಸತ್ತಳು. ಮೆಹಬೂಬಿಯ ಬಲಗೈ ಮೊಣಕೈಯಿಂದ ಕೆಳಗೆ ಚಿಂದಿಯಾಯಿತು. ಮುಖ್ಯಸ್ಥ ಸತ್ತದ್ದನ್ನು ಕಂಡ ಪಡೆಯ ಕೆಲವರು ತಮ್ಮವರ ಮೇಲೆಯೇ ಬಂದೂಕು ತಿರುಗಿಸಿದರು. ಆ ಗೊಂದಲದಲ್ಲಿ ಜನ ನನ್ನ ಡೇರೆಯ ಕಬ್ಬಿಣದ ಕಂಬಗಳನ್ನು ಕಿತ್ತುಕೊಂಡು ನುಗ್ಗಿದರು.

ಮುರಿಗೆಪ್ಪನನ್ನು ಹಿಡಿದು ನನ್ನ ಮುಂದೆ ಎಳೆತಂದರು. ಮೆಹಬೂಬಿ ತೋಳಿಗೆ ಸೆರಗು ಬಿಗಿದುಕೊಂಡು ತೂರಾಡುತ್ತ ನಡುವೆ ಬಂದಳು.

“ಅವನ್ನ ಬಿಡ್ರಿ. ಕೋರ್ಟಿಗೆ ಒಪ್ಪಸೂಣು.”

ಮಗಳ ಹೆಣವನ್ನು ಆಗಷ್ಟೇ ಕೆಳಗಿಳಿಸಿದ್ದ ಹಮಾಲನೊಬ್ಬ ಕೇಳಿದ, “ಯಾವ ಕೋರ್ಟಿಗವ್ವಾ? ಇಳಿದವ್ರನ್ನ ಯಾರೂ ಕರಸಂಗಿಲ್ಲಂತ ಕಾನೂನು ಮಾಡೀರಲ್ಲ.”

ಹಮಾಲ ಕಂಬವೊಂದನ್ನು ನನ್ನ ಕೈಗಿಟ್ಟ. “ತಂಗೀ, ಮೊದಲ ನೀ ಹೊಡಿ.”

ಮುರಿಗೆಪ್ಪ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಭಯ ಇನ್ನೂ ಹುಟ್ಟಿರಲಿಲ್ಲ. “ನನ್ನ ಮುಟ್ಟಂಗಿಲ್ಲ. ಕಾನೂನೈತಿ,” ಎಂದ.

ಕಂಬವನ್ನು ನೆಲಕ್ಕೆಸೆದೆ. ಅವನನ್ನು ವಿಚಾರಣೆಗೆ ನಿಲ್ಲಿಸಿ, ನನ್ನ ಗಂಡನ ಹೆಸರನ್ನು ಅವನ ಬಾಯಿಂದಲೇ ಹೇಳಿಸಬೇಕೆಂಬ ಆಸೆ ಎದೆಯನ್ನು ಸುಡುತ್ತಿತ್ತು. ಜನ ಕಾಯಲಿಲ್ಲ. ತಲೆಬುರುಡೆ ಒಡೆದ ಸದ್ದು ಕೇಳಿದ ಮೇಲೂ ಬಹಳ ಹೊತ್ತು ಹೊಡೆಯುತ್ತಲೇ ಇದ್ದರು.

ವಿಚಾರಣೆಯಿಲ್ಲದೆ ಸತ್ತವನು ಅವನ ಕಡೆಯವರಿಗೆ ಹುತಾತ್ಮನಾದ. ಆ ವಾರವೇ ಅವರು ಮಾನ್ವಿಯ ನೆಲಪೇಟೆಯ ಬಾಗಿಲುಗಳನ್ನು ಹೊರಗಿನಿಂದ ಭದ್ರಪಡಿಸಿ, ಗಾಳಿಕಿಂಡಿಗಳಲ್ಲಿ ಬೆಂಕಿ ಸುರಿದರು. ಹೆಣಗಳನ್ನು ಹೊರತೆಗೆಯಲು ನಾನೂ ಹೋಗಿದ್ದೆ. ಬಾಗಿಲ ಒಳಮೈಯಲ್ಲಿ ಉಗುರಿನ ಗೀರುಗಳಿದ್ದವು. ಹೆಚ್ಚು ಬರೆಯಲಾರೆ.

ಅದಾದ ಮೇಲೆ ಮೆಹಬೂಬಿ ಒಂದೇ ಕೈಯಲ್ಲಿ ಇಳಿದವರ ಕಾನೂನು ಬರೆದಳು. ಇಳಿದವರಿಗೆ ಬಂಗಲೆಯಿಲ್ಲ, ಪಡೆಯಿಲ್ಲ. ಎಲ್ಲರಂತೆ ನ್ಯಾಯಾಲಯಕ್ಕೆ ಬರಬೇಕು. ಮತ್ತೆಂದೂ ಆ ಗದ್ದುಗೆಗೆ ನಿಲ್ಲುವಂತಿಲ್ಲ. ತನ್ನ ಅವಧಿ ಮುಗಿದಾಗ ಅವಳು ಪೆಟ್ಟಿಗೆ ಹಿಡಿದು ನಡೆದೇ ಮನೆಗೆ ಹೋದಳು. ಮುಂದೊಮ್ಮೆ ನೀರಿನ ಸರದಿಯಲ್ಲಿ ಮುರಿಗೆಪ್ಪನ ಅಭಿಮಾನಿಯೊಬ್ಬ ಅವಳ ಹಲ್ಲು ಮುರಿದ. ಬೇರೆ ಯಾರ ಹಲ್ಲು ಮುರಿದರೂ ಆಗುತ್ತಿದ್ದ ಶಿಕ್ಷೆಯೇ ಅವನಿಗೂ ಆಯಿತು. ಮೆಹಬೂಬಿ ಅಷ್ಟು ಸಾಕೆಂದಳು.

ಈಗ ನನಗೆ ವಯಸ್ಸಾಗಿದೆ. ಇಂದಿನ ಮೊದಲಿಗ ಶರಭಣ್ಣ ಒಳ್ಳೆಯವನು, ಹೊಳೆಯಾಚೆಯವರೊಡನೆ ಯುದ್ಧ ನಿಲ್ಲಿಸಿದವನು. ಅವನ ಜೀವಕ್ಕೆ ಅಪಾಯವಿರುವುದೂ ನಿಜ. ಅವನು ಇಳಿದ ಮೇಲೆ ಅವನಿಗೊಬ್ಬನಿಗೆ ಮಾತ್ರ ಆ ಕಾನೂನನ್ನು ಸಡಿಲಿಸಬೇಕೇ ಎಂದು ನಾಳೆ ಸಭೆಯಲ್ಲಿ ಮತ ಹಾಕುತ್ತಾರೆ. ಬೇಡವೆನ್ನಲು ನಾನು ಹೋಗುತ್ತಿದ್ದೇನೆಂದು ಕೇಳಿ ನಿನ್ನೆ ಅವನೇ ಮನೆಗೆ ಬಂದಿದ್ದ.

“ನನ್ನ ಮ್ಯಾಲ ನಂಬಿಕಿ ಇಲ್ಲೇನಬೇ ಅಜ್ಜೀ?” ಎಂದ.

“ಐತಪ್ಪಾ. ನನ್ನ ಗಂಡಗೂ ಮುರಿಗೆಪ್ಪನ ಮ್ಯಾಲ ಇತ್ತು.”

ಅವನು ಕೈಮುಗಿದು ಎದ್ದು ಹೋದ. ನಾಳೆ ಏನಾಗುವುದೋ ತಿಳಿಯದು. ನಿಮ್ಮಲ್ಲಿ ಒಂದೇ ಕೋರಿಕೆ: ಇಂಥ ಕಾನೂನನ್ನು ನೀವು ಮೆಚ್ಚಿದವರು ಆಳುತ್ತಿರುವಾಗಲೇ ಮಾಡಿಕೊಳ್ಳಿ. ಅದು ಅವರಿಗೆ ಅವಮಾನವೆಂದು ನಿಮಗೆ ಅನ್ನಿಸುತ್ತದೆ. ಅನ್ನಿಸಲಿ, ಆದರೂ ಮಾಡಿ.