ಗಂಡು ಕಣಜ ನನ್ನ ಹತ್ತಿರವಿದೆ

ಪುಟ್ಟೀ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣಿಸುತ್ತಿರಬಹುದು. ಪ್ರೀತಿ ಇಲ್ಲ ಎಂದಲ್ಲ. ಈಚೆಗೆ ಕೆಲವು ವಾರಗಳಿಂದ ನಿನ್ನ ಮೇಲೆ ನನಗಿರುವುದು ಬರೀ ಹೊಟ್ಟೆಯುರಿ. ಅದನ್ನು ಒಳಗಿಟ್ಟುಕೊಂಡು ಪ್ರೀತಿಯ ಎಂದು ಶುರುಮಾಡಿದರೆ ಮುಂದೆ ಬರೆಯುವುದೆಲ್ಲ ನಾಟಕವಾಗುತ್ತದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು “ಅಕ್ಕಾ” ಎಂದು ಎಳೆದು ಕರೆದ ಕೂಡಲೇ ನಾನು ಕರಗಿಹೋಗುತ್ತೇನೆ. ಅದಕ್ಕೇ ಈ ಕಾಗದ.

ನಿನ್ನ ಲೇಖನದ ಕರಡು ತಲುಪಿತು. “ಅಕ್ಕ, ಅಚ್ಚಿಗೆ ಕಳಿಸೋ ಮುಂಚೆ ಒಂದ್ಸಲ ಕಣ್ಣಾಡಿಸು, ತಪ್ಪಿದ್ರೆ ಚೆನ್ನಾಗಿ ಬೈದುಬಿಡು” ಎಂದು ಬರೆದಿದ್ದೆ. ನಾನೂ ಬೈಯಲೆಂದೇ ಕೆಂಪು ಪೆನ್ನು ಹಿಡಿದು ಕೂತೆ. ಅರ್ಧ ಮಿಲಿಮೀಟರಿನ ಕಣಜ. ಗಿಡದ ತಿಗಣೆ ಎಲೆಯ ಬೆನ್ನಿಗೆ ಅಂಟಿಸಿಹೋದ ಮೊಟ್ಟೆಗಳನ್ನು ಹುಡುಕಿ, ಒಂದೊಂದರೊಳಗೂ ತನ್ನ ಮೊಟ್ಟೆ ಇಡುತ್ತದೆ. ಅದರ ಮರಿ ಒಳಗಿದ್ದದ್ದನ್ನೆಲ್ಲ ತಿಂದು, ದೊಡ್ಡದಾಗಿ, ಮೇಲೊಂದು ತೂತು ಕೊರೆದು ಹೊರಗೆ ಬರುತ್ತದೆ. ಇನ್ನೊಬ್ಬರು ಇಟ್ಟದ್ದರಲ್ಲಿ ಸಲೀಸಾಗಿ ತನ್ನ ಸಂಸಾರ ಹೂಡುವ ಪ್ರಾಣಿ. ಓದುವಾಗ ನಿನ್ನ ನೆನಪಾಯಿತು, ಏನು ಮಾಡಲಿ.

ತಪ್ಪು ಸಿಗಲಿಲ್ಲ ಕಣೇ. ಅದೇ ದೊಡ್ಡ ಸಂಕಟ. ಮೀಸೆಯ ಗಣ್ಣುಗಳನ್ನು ಎಣಿಸಿದೆ, ರೆಕ್ಕೆಯ ಅಳತೆ ಪರೀಕ್ಷಿಸಿದೆ, ಈ ಕುಲದಲ್ಲಿ ಈವರೆಗೆ ಗೊತ್ತಿರುವ ಕಣಜಗಳನ್ನೆಲ್ಲ ಕಪಾಟಿನಿಂದ ಇಳಿಸಿ ನಿನ್ನ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದೆ. ಯಾವುದಾದರೂ ಒಂದು ಇದೇ ಆಗಿಬಿಡಲಿ, ‘ಪುಟ್ಟೀ, ಇದು ಹಳೆಯದು, ನಿನಗೆ ಗೊತ್ತಾಗಲಿಲ್ಲ ಅಷ್ಟೆ’ ಎಂದು ಬರೆಯುವ ಭಾಗ್ಯ ನನ್ನದಾಗಲಿ ಎಂದು ಬೇಡಿಕೊಂಡೆ. ಯಾವುದೂ ಅದಾಗಿರಲಿಲ್ಲ. ನಿನ್ನದು ಹೊಸದೇ. ಕೊನೆಗೆ ಎರಡು ಅಲ್ಪವಿರಾಮ ತಿದ್ದಿ ಪೆನ್ನು ಮುಚ್ಚಿದೆ.

ಈ ಕೆಲಸವನ್ನು ನಿನಗೆ ಹೇಳಿಕೊಟ್ಟವಳು ನಾನು. ನಿನ್ನ ಕಾಲೇಜಿನ ಮಕ್ಕಳಿಗೆ ತೋರಿಸಲು ಏನಾದರೂ ಬೇಕು ಎಂದು ನೀನು ರಜೆಯಲ್ಲಿ ಬಂದು ನಮ್ಮ ಕೀಟ ಸಂಗ್ರಹಾಲಯದಲ್ಲಿ ಕೂತೆ. ಒಂದೇ ಕೂದಲಿನ ಕುಂಚದಲ್ಲಿ ಕಣಜವನ್ನು ಎತ್ತುವುದು, ಮುಕ್ಕೋನ ರಟ್ಟಿನ ತುದಿಗೆ ಚೂರೇ ಚೂರು ಅಂಟು ಮುಟ್ಟಿಸಿ ಅದರ ಮೇಲೆ ಕೂರಿಸುವುದು, ಸೀನು ಬಂದರೆ ಮೊದಲು ಮುಖ ತಿರುಗಿಸುವುದು, ಎಲ್ಲ ಅಲ್ಲೇ ಕಲಿತೆ. ಎರಡನೆಯ ದಿನವೇ ನಿನ್ನ ರಟ್ಟುಗಳು ನನ್ನವಕ್ಕಿಂತ ಅಚ್ಚುಕಟ್ಟಾಗಿದ್ದವು. ನಾನು ಅಲ್ಲಿ ಕೂದಲು ನರೆಸಿಕೊಂಡವಳು. ನೀನು ಮನೆಯ ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋಗಿ, ಕುಂಡದ ಎಲೆ ಮಗುಚಿ, ಹೊಸ ಪ್ರಭೇದ ಹಿಡಿದುಕೊಂಡು ಕೆಳಗಿಳಿದವಳು.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ನೀನು ಅದಕ್ಕೆ ಅಮ್ಮನ ಹೆಸರಿಟ್ಟೆ.

ನಾನು ಇಷ್ಟು ವರ್ಷದಲ್ಲಿ ಎಷ್ಟೋ ಕಣಜಗಳಿಗೆ ಹೆಸರಿಟ್ಟಿದ್ದೇನೆ. ಒಂದಕ್ಕೆ ಅದು ಸಿಕ್ಕ ಗುಡ್ಡದ ಹೆಸರು, ಒಂದಕ್ಕೆ ಬಣ್ಣದ ಹೆಸರು, ಪಾಪ ಇನ್ನೊಂದಕ್ಕೆ ಅದರ ಮೋಟು ಕಾಲಿನ ಹೆಸರು. ಅಮ್ಮನ ಹೆಸರನ್ನು ಮಾತ್ರ ಎತ್ತಿಟ್ಟಿದ್ದೆ. ಎಂದೋ ಒಂದು ದಿನ ಎಲ್ಲಕ್ಕಿಂತ ಚೆಂದದ್ದು ಸಿಗುತ್ತದೆ, ಆವತ್ತು ಇಡೋಣ ಎಂದುಕೊಂಡಿದ್ದೆ. ನಿನಗೂ ಗೊತ್ತು, ಒಂದು ಕುಲದಲ್ಲಿ ಒಂದು ಹೆಸರು ಒಮ್ಮೆ ಅಚ್ಚಾದರೆ ಮುಗಿಯಿತು, ಮತ್ತೆ ಯಾರೂ ಅದನ್ನು ಅಲ್ಲಿ ಇಡುವಂತಿಲ್ಲ. ಹೆಸರಿನ ಮುಂದೆ ಅದನ್ನು ಇಟ್ಟವರ ಹೆಸರೂ ಅಚ್ಚಾಗುತ್ತದೆ. ನಾವು ಯಾರೂ ಇಲ್ಲದ ಕಾಲಕ್ಕೂ, ಆ ಕಣಜವನ್ನು ಯಾರು ಎಲ್ಲಿ ಬರೆದರೂ, ಅಮ್ಮ ಮತ್ತು ಅವಳ ಮುಂದೆ ನೀನು. ನನ್ನ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳದೆ ಹೋದರೂ ನಿನಗೆ ತಿಳಿಯಬೇಕಿತ್ತು ಎಂದು ಸಿಟ್ಟು ಬಂತು. ಇದು ನ್ಯಾಯವಲ್ಲ ಎಂದು ಗೊತ್ತು, ಆದರೂ ಬಂತು.

ಅಮ್ಮ ನನ್ನ ಮನೆಯಲ್ಲಿದ್ದಾಳೆ. ಮಾತ್ರೆ ಕೊಡುವವಳು ನಾನು, ಮೊಣಕಾಲಿಗೆ ಎಣ್ಣೆ ತಿಕ್ಕುವವಳು ನಾನು, ಟಿ.ವಿ. ಸದ್ದು ಕಡಿಮೆ ಮಾಡು ಎಂದು ಹೇಳಿ ಕೆಟ್ಟವಳಾಗುವವಳೂ ನಾನೇ. ನೀನು ವಾರಕ್ಕೊಮ್ಮೆ ಫೋನ್ ಮಾಡುತ್ತೀಯ, ಅವತ್ತು ಅಮ್ಮ ಎರಡು ತುತ್ತು ಜಾಸ್ತಿ ಉಣ್ಣುತ್ತಾಳೆ. ನನ್ನ ಕಣ್ಣೆದುರೇ ಉಣ್ಣುತ್ತಾಳೆ.

ನಿನ್ನ ಕರಡಿನ ಕೊನೆಯ ಹಾಳೆಯಲ್ಲಿ ಒಂದು ಸಾಲು ಇತ್ತು: ‘ಗಂಡು ತಿಳಿದಿಲ್ಲ’. ನಿನಗೆ ಸಿಕ್ಕಿದ್ದೆಲ್ಲ ಹೆಣ್ಣು. ಆ ಸಾಲು ನೋಡಿದ್ದೇ ಎದ್ದು ಕಪಾಟಿನ ಹತ್ತಿರ ಹೋದೆ. ನಮ್ಮ ಸಂಗ್ರಹಾಲಯದ ಹಿಂದಿನ ಬೇಲಿಯಲ್ಲಿ ಹಿಂದೆಂದೋ ಹಿಡಿದ ಕೆಲವು ಗಂಡು ಕಣಜಗಳು ನನ್ನ ಕಪಾಟಿನಲ್ಲಿ, ಸ್ಪಿರಿಟ್ಟಿನ ಶೀಷೆಯಲ್ಲಿ ಬಿದ್ದಿದ್ದವು. ಹೆಣ್ಣು ಸಿಗದೆ ಅವು ಯಾರ ಪೈಕಿ ಎಂದು ಹೇಳಲಾಗದೆ ಹಾಗೇ ಬಿಟ್ಟಿದ್ದೆ. ತೆಗೆದು ನೋಡಿದೆ. ಮೀಸೆ ಬೇರೆ ಥರ. ನಿನ್ನ ಹೆಣ್ಣಿನ ಮೀಸೆಯ ತುದಿ ಗದೆಯಂತೆ ದಪ್ಪ, ಇವಕ್ಕೆ ಮಣಿ ಪೋಣಿಸಿದ ಹಾಗೆ. ಆದರೆ ಬೆನ್ನ ಮೇಲಿನ ಬಲೆಯಂಥ ಗೆರೆಗಳು, ಅದರ ನಡುವಿನ ಆ ಒಂದೇ ನುಣುಪು ಚುಕ್ಕೆ, ನೀನು ಬರೆದಂತೆಯೇ ಇದ್ದವು. ಹೆಣ್ಣಿನ ಕಡೆಯವರು ಗಂಡು ಸಿಕ್ಕಿಲ್ಲವೆಂದು ಪರದಾಡುತ್ತಿದ್ದರೆ, ಗಂಡು ನಮ್ಮ ಮನೆಯಲ್ಲೇ ತಿಂದುಂಡು ಮಲಗಿದ್ದ.

ಖಾತ್ರಿಯಾಗಲೆಂದು ಅದೇ ಬೇಲಿಗೆ ಹೋಗಿ ತಿಗಣೆ ಮೊಟ್ಟೆಗಳಿದ್ದ ಎಲೆ ಕಿತ್ತು ತಂದು ಗಾಜಿನ ಕೊಳವೆಯಲ್ಲಿಟ್ಟು ಹತ್ತಿ ತುರುಕಿದೆ. ಮೊದಲು ಹೊರಬಂದವು ಗಂಡುಗಳು. ಬಂದವು ಎಲ್ಲಿಗೂ ಹಾರದೆ ಆ ಮೊಟ್ಟೆಗಳ ಮೇಲೆಯೇ ಕಾದು ಕೂತವು. ಮರುದಿನ ಹೆಣ್ಣುಗಳು ಬಂದವು. ಸಾಕ್ಷಾತ್ ನಿನ್ನ ಕಣಜ.

ಇನ್ನು ಹೇಳಲೇಬೇಕಾದದ್ದು. ಹೆಣ್ಣು, ಗಂಡು ಎರಡೂ ಈಗ ನನ್ನ ಕೈಯಲ್ಲಿದ್ದವು. ಯಾರದು ಮೊದಲು ಅಚ್ಚಾಗುತ್ತದೋ ಹೆಸರು ಅವರದು. ಯಾರು ಮೊದಲು ಕಂಡರು ಎಂದು ಯಾರೂ ಕೇಳುವುದಿಲ್ಲ. ಬೇಗ ಅಚ್ಚು ಹಾಕುವ ಪತ್ರಿಕೆಯ ಸಂಪಾದಕರು ನನಗೆ ಚೆನ್ನಾಗಿ ಗೊತ್ತು. ಕೂತು ಬರೆದೆ ಪುಟ್ಟಿ, ಪೂರ್ತಿ ಬರೆದೆ. ಅಮ್ಮನ ಹೆಸರು ಬರೆದು, ಅದರ ಮುಂದೆ ನನ್ನ ಹೆಸರು ಬರೆದೆ. ನೋಡಲು ಬಹಳ ಚೆನ್ನಾಗಿತ್ತು.

ಕಳಿಸುವ ಮೊದಲು ಅಮ್ಮನಿಗೆ ತೋರಿಸೋಣವೆನಿಸಿತು. ಭಾನುವಾರ ಸೂಕ್ಷ್ಮದರ್ಶಕವನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟೆ. ಜೀವಮಾನವಿಡೀ ಬಟ್ಟೆ ಹೊಲಿದವಳು, ಬಗ್ಗಿ ನೋಡಿದ ಕೂಡಲೇ, “ಅಯ್ಯೋ, ಇಷ್ಟು ಚಿಕ್ಕ ರೆಕ್ಕೆಗೂ ಅಂಚಲ್ಲಿ ಕುಚ್ಚು ಬಿಟ್ಟಿದಾರಲ್ಲೇ!” ಎಂದಳು. “ಇದಕ್ಕೆ ನಿನ್ನ ಹೆಸರು ಇಡ್ತಾ ಇದಾರೆ ಅಮ್ಮ” ಎಂದೆ. ಯಾರು ಇಡುತ್ತಿದ್ದಾರೆ ಎಂದು ಹೇಳಲಿಲ್ಲ. ಅವಳು ಕಣ್ಣು ಕೀಳದೆ, “ಯಾರು, ಪುಟ್ಟಿನಾ?” ಎಂದಳು.

ಅಲ್ಲ ಎನ್ನಬಹುದಿತ್ತು. ಬಾಯಿ ತೆರೆದದ್ದೂ ಹಾಗೆ ಹೇಳಲೆಂದೇ. ಬಂದದ್ದು “ಹೂಂ.”

“ನೀನ್ಯಾಕೆ ಇಷ್ಟು ವರ್ಷ ಇಡ್ಲಿಲ್ಲ?”

“ನಿನಗೆ ತಕ್ಕಂಥದ್ದು ಸಿಗಲಿಲ್ಲ ಅಮ್ಮ.”

ಅಮ್ಮ ನಕ್ಕಳು. “ನಾನೇನು ಮಹಾರಾಣಿನಾ? ಅವಳು ನೋಡು, ಸಿಕ್ಕಿದ್ದಕ್ಕೇ ಇಟ್ಬಿಟ್ಳು.” ಎಂದು ಮತ್ತೆ ಬಗ್ಗಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಎಂಥ ಖುಷಿಯಿತ್ತು ಎಂದರೆ, ಅದನ್ನು ಕೊಟ್ಟವಳು ನೀನು ಎಂಬುದನ್ನು ತಾಳಲಾರದೆ ನಾನು ಎದ್ದು ಹಿತ್ತಿಲಿಗೆ ಹೋಗಿ ನಿಂತೆ. ಆ ಖುಷಿಯನ್ನು ಯಾವತ್ತು ಬೇಕಾದರೂ ನಾನು ಕೊಡಬಹುದಿತ್ತು. ಆ ಮೋಟುಗಾಲಿನದನ್ನು ತೋರಿಸಿದ್ದರೂ ಅವಳು ಹೀಗೇ ನಗುತ್ತಿದ್ದಳೋ ಏನೋ. ಇನ್ನೂ ಚೆಂದದ್ದು ಬರಲಿ, ಇನ್ನೂ ಚೆಂದದ್ದು ಬರಲಿ ಎಂದು ಕಾದೇ ಕಾದೆ.

ನನ್ನ ಬರಹದಲ್ಲಿ ಗಂಡಿನ ವರ್ಣನೆಯೊಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸಿದ್ದೇನೆ. ಆ ಹಾಳೆಗಳು, ಚಿತ್ರಗಳು ಈ ಕಾಗದದ ಜೊತೆಗಿವೆ. ಗಂಡುಗಳು ಹತ್ತಿಯಲ್ಲಿ ಸುತ್ತಿದ ಶೀಷೆಯಲ್ಲಿವೆ, ಅವಸರದಲ್ಲಿ ಬಿಚ್ಚಬೇಡ. ‘ತಿಳಿದಿಲ್ಲ’ ಎಂಬ ಸಾಲನ್ನು ತೆಗೆದುಹಾಕು. ಇದರಿಂದ ನನ್ನ ಉರಿ ಆರಿತು ಎಂದುಕೊಳ್ಳಬೇಡ. ಪೊಟ್ಟಣಕ್ಕೆ ದಾರ ಸುತ್ತುವಾಗಲೂ ಕೈ ಎರಡು ಸಲ ಹಿಂದೆ ಸರಿಯಿತು.

ಫೋನಿನಲ್ಲಿ ಕೇಳಲಾರದ್ದನ್ನು ಈಗ ಕೇಳುತ್ತೇನೆ. ಅಮ್ಮನ ಹೆಸರಿನ ಮುಂದೆ ನೀನೊಬ್ಬಳೇ ನಿಂತಿದ್ದೀಯಲ್ಲ, ಅಲ್ಲಿ ನನಗೂ ಒಂದಿಷ್ಟು ಜಾಗ ಮಾಡಿಕೊಡು. ದೊಡ್ಡವಳು ಎಂದು ನನ್ನನ್ನು ಮೊದಲು ಹಾಕಬೇಡ, ನನ್ನ ಹೆಸರು ನಿನ್ನ ಹೆಸರಿನ ಆಮೇಲೆಯೇ ಇರಲಿ. ನಿನಗಿಂತ ಮೊದಲು ಹುಟ್ಟಿದೆ, ಅಮ್ಮನನ್ನು ನಿನಗಿಂತ ಮೊದಲು ಅಮ್ಮ ಎಂದು ಕರೆದವಳು ನಾನು. ಈಗ ಎರಡನೆಯವಳಾಗಿಯಾದರೂ ಅವಳ ಸಾಲಿನಲ್ಲಿ ಇರಬೇಕು ಅನಿಸುತ್ತಿದೆ ಕಣೇ. ಮನಸ್ಸು ಒಪ್ಪದಿದ್ದರೆ ಆಗುವುದಿಲ್ಲ ಎಂದು ನೇರವಾಗಿ ಬರೆ. ಗಂಡು ಹೇಗಿದ್ದರೂ ನಿನ್ನದೇ, ವಾಪಸು ಕಳಿಸಬೇಡ.

ಸುಖವಾಗಿರು, ನೀನು ಕೈಹಾಕಿದ್ದೆಲ್ಲ ಒಳ್ಳೆಯದಾಗಲಿ. ಮನಸಾರೆ ಹರಸುತ್ತಿದ್ದೇನೆ. ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಉಳಿದ ಕಾಲು ಪಾಲು ನಿನ್ನ ಉತ್ತರ ಬಂದ ಮೇಲೆ.

ನಿನ್ನ ದಾರಿ ಕಾಯುತ್ತಿರುವ
ಅಕ್ಕ