ಅತ್ತೆಯ ಕೋಣೆಯ ಗಾಳಿ

ನಿಪ್ಪಾಣಿ
೨೩ ಏಪ್ರಿಲ್ ೨೦೨೫, ಬುಧವಾರ

ಪ್ರೀತಿಯ ನಮ್ಮವರಿಗೆ,

ನಿಮ್ಮ ನೀಲಮಳ ಜೈಭೀಮ. ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಮಸ್ಕತ್ತಿನಲ್ಲಿ ಈಗಲೇ ಬಿಸಿಲು ತಲೆ ಒಡೆಯುವಂತಿದೆ ಎಂದು ಕುಡಚಿಯ ದಸ್ತಗೀರ ಹೇಳಿದ. ಎಸಿ ಪೈಪು ಕೂರಿಸಲು ಮಾಳಿಗೆ ಹತ್ತುವಾಗ ಒದ್ದೆ ಟವೆಲ್ ಸುತ್ತಿಕೊಳ್ಳಿ, ನಡುವಿಗೆ ಪಟ್ಟಿ ಕಟ್ಟುವುದನ್ನು ಬಿಡಬೇಡಿ. ನಿಮಗೆ ಎರಡು ದಿನ ನೋವು ಕಡಿಮೆಯಾದರೆ ಪಟ್ಟಿ ಮೂಲೆಗೆ ಹೋಗುತ್ತದೆ, ನನಗೆ ಗೊತ್ತು. ದಸ್ತಗೀರನ ರಜೆ ಮುಗಿದಿದೆ. ಅವನ ಕೈಯಲ್ಲಿ ಈ ಪತ್ರದ ಜೊತೆ ಶೇಂಗಾ ಚಟ್ನಿ, ಹುರಿದ ಅವಲಕ್ಕಿ ಕಳಿಸಿದ್ದೇನೆ. ಕೋಣೆಯವರಿಗೆಲ್ಲ ಹಂಚಿ ಖಾಲಿ ಮಾಡಬೇಡಿ, ನೀವೂ ತಿನ್ನಿ. ಮಾಯಾಳ ಪರೀಕ್ಷೆ ಮುಗಿದಿದೆ. ನಿಮ್ಮ ಮಗಳು ಈಗ ದಿನವಿಡೀ ಅಜ್ಜಿಯ ಮಂಚದ ಕಾಲ ಬಳಿ ಕೂತು ಪೇಪರ್ ಓದಿ ಹೇಳುತ್ತಾಳೆ. ಮಾವನವರ ಮೊಣಕಾಲು ನೀವು ಬಿಟ್ಟುಹೋದಾಗ ಇದ್ದಂತೆಯೇ ಇದೆ.

ದಿನವೂ ಫೋನಿನಲ್ಲಿ ಮಾತಾಡುತ್ತೇವೆ, ಪತ್ರ ಯಾಕೆ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ವಿಡಿಯೊ ಫೋನ್ ಬರುವ ಹೊತ್ತಾಯಿತು ಎಂದರೆ ಅತ್ತೆ ನನ್ನ ಕೈಯಿಂದ ತಲೆ ಬಾಚಿಸಿಕೊಳ್ಳುತ್ತಾರೆ. ದಿಂಬಿಗೆ ಒರಗಿ ಕೂತು, ಉಸಿರು ಹಿಡಿದುಕೊಂಡು, "ನಾ ಆರಾಮ ಅದೀನಪಾ, ನೀ ಊಟ ಮಾಡಿದಿ?" ಅನ್ನುತ್ತಾರೆ. ಫೋನ್ ಇಟ್ಟ ಮೇಲೆ ಆ ಒಂದು ಮಾತಿಗಾಗಿ ಎಷ್ಟೋ ಹೊತ್ತು ಏದುಸಿರು ಬಿಡುತ್ತಾರೆ. ನಾನು ಹೊರಗೆ ಬಂದು ನಿಮಗೆ ನಿಜ ಹೇಳೋಣ ಎಂದರೆ, ಅವರ ಮಾತು ತೆಗೆಯುತ್ತಿದ್ದಂತೆ ನೀವು ಅವರ ಕೋಣೆಯ ಗಾಳಿ ಸೋಸುವ ಮಷೀನಿನ ಮಾತಿಗೆ ಹೋಗುತ್ತೀರಿ. ಫಿಲ್ಟರ್ ತೆಗೆದೆಯಾ, ಹೊರಗಿನ ಜಾಳಿಗೆ ಒರೆಸಿದೆಯಾ, ಫ್ಯಾನಿನ ಸಪ್ಪಳ ಬದಲಾಗಿದೆಯಾ. ನಾನು ಹೂಂ, ಹೂಂ ಅನ್ನುವಷ್ಟರಲ್ಲಿ ನಿಮ್ಮ ಊಟದ ಬಿಡುವು ಮುಗಿದಿರುತ್ತದೆ. ನಿಮ್ಮ ಮೇಲೆ ಸಿಟ್ಟಿಲ್ಲ. ಅಷ್ಟು ದೂರ ಕೂತ ಮಗನಿಗೆ ಕೈಗೆ ಸಿಗುವುದು ಅದೊಂದೇ ಎಂದು ನನಗೂ ಅರ್ಥವಾಗುತ್ತದೆ. ಆದರೆ ಪತ್ರವನ್ನು ನೀವು ನಡುವೆ ತಡೆಯುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಮಷೀನು ಕೂರಿಸಿದ ರಜೆಯ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಅತ್ತೆ ಹುಡುಗಿಯಾಗಿದ್ದಾಗಿನಿಂದ ನಮ್ಮ ಗೋಡೆಯಾಚೆಯ ಗೋದಾಮಿನಲ್ಲಿ ತಂಬಾಕು ಕುಟ್ಟಿ, ಜರಡಿ ಹಿಡಿದವರು. ಮನೆಗೆ ಬಂದ ಮೇಲೆ ಬೀಡಿ ಕಟ್ಟಿದವರು. ಪುಪ್ಪುಸದಲ್ಲಿ ಉಳಿದಿರುವ ಶಕ್ತಿಯೇ ಸ್ವಲ್ಪ, ಅದಕ್ಕೆ ಇನ್ನು ಧೂಳು ಮುಟ್ಟಬಾರದು ಎಂದು ಕೊಲ್ಹಾಪುರದ ಡಾಕ್ಟರು ಹೇಳಿದ್ದನ್ನು ನೀವು ಎದೆಗೆ ಹಚ್ಚಿಕೊಂಡಿರಿ. ಅವರ ಕೋಣೆಯ ಕಿಟಕಿಗೆ ರಬ್ಬರು ಬಡಿದು ಮುಚ್ಚಿದಿರಿ, ಬಾಗಿಲ ಸಂದಿಗೆ ಬ್ರಷ್ ಪಟ್ಟಿ ಹಾಕಿದಿರಿ, ಅಟ್ಟದ ಮೇಲೆ ಆ ತಗಡಿನ ಪೆಟ್ಟಿಗೆ ಇಟ್ಟಿರಿ. ಒಂದು ಪೈಪು ಹೊರಗಿನ ಗಾಳಿಯನ್ನು ಸೋಸಿ ಒಳಗೆ ತರುತ್ತದೆ, ಇನ್ನೊಂದು ಕೋಣೆಯ ಹಳೆಯ ಗಾಳಿಯನ್ನು ಹೊರಗೆ ಹಾಕುತ್ತದೆ, ನಡುವಿನ ಕಾಗದದ ಕೋರ್ ಎಸಿಯ ತಂಪನ್ನು ಹೊರಗೆ ಹೋಗಗೊಡದೆ ಒಳಬರುವ ಗಾಳಿಗೆ ದಾಟಿಸುತ್ತದೆ, ಆದರೆ ಎರಡು ಗಾಳಿ ಕೂಡುವುದಿಲ್ಲ ಎಂದಿರಿ. ನನಗೆ ತಿಳಿಯದಿದ್ದಾಗ ಊಟಕ್ಕೆ ಕೂತಲ್ಲೇ ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿ ತೋರಿಸಿದಿರಿ. ಮಾವನವರು ರೊಟ್ಟಿ ಆರುತ್ತದೆ ಎಂದು ಗೊಣಗಿದರು. ಅಂದು ಅತ್ತೆ ಎಷ್ಟು ನಕ್ಕರು. ಅಷ್ಟು ನಗುವ ಶಕ್ತಿ ಆಗ ಅವರಲ್ಲಿತ್ತು. ಆಮೇಲೆ ಒಂದು ವರ್ಷ ಅವರು ಚೆನ್ನಾಗಿಯೇ ಇದ್ದರು. ಕೆಮ್ಮಿಲ್ಲದೆ ನಿದ್ದೆ ಬರುತ್ತಿತ್ತು. ನೋಡಲು ಬಂದವರಿಗೆಲ್ಲ ಮೇಲೆ ಕೈ ತೋರಿಸಿ, "ನನ್ನ ಮಗಾ ಹಾಕ್ಯಾನ" ಅನ್ನುತ್ತಿದ್ದರು. ಪ್ರತಿ ರವಿವಾರ ನನ್ನ ಅಂಗನವಾಡಿ ಕೆಲಸವಿಲ್ಲದ ಹೊತ್ತಿಗೆ ಏಣಿ ಹತ್ತಿ ನೀವು ಹೇಳಿದ್ದನ್ನೆಲ್ಲ ಮಾಡಿದ್ದೇನೆ.

ಶಿವರಾತ್ರಿಯ ಆಸುಪಾಸಿನಲ್ಲಿ ಅತ್ತೆ ಮೊದಲ ಸಲ, "ನೀಲಾ, ತಂಬಾಕ ವಾಸನಿ ಬರಾಕತ್ತೈತಿ ನೋಡ" ಅಂದರು. ನಾನು ಮೂಸಿ ನೋಡಿದೆ, ನನಗೇನೂ ತಿಳಿಯಲಿಲ್ಲ. ಜೀವನವಿಡೀ ಅದೇ ವಾಸನೆಯಲ್ಲಿ ಬದುಕಿದವರು, ಮೂಗಿನಲ್ಲಿ ಉಳಿದಿರಬೇಕು ಎಂದು ನಾನೂ ಮಾವನವರೂ ಮಾತಾಡಿಕೊಂಡೆವು. ಅವರು ಮತ್ತೆ ಮತ್ತೆ ಹೇಳಿದರು. ಆಮೇಲೆ ಹೇಳುವುದನ್ನೇ ಬಿಟ್ಟು ಸೆರಗನ್ನು ಮೂಗಿಗೆ ಒತ್ತಿಕೊಂಡು ಮಲಗತೊಡಗಿದರು. ಒಂದು ಬೆಳಿಗ್ಗೆ ದಿಂಬಿನ ಗವಸು ಬದಲಿಸುವಾಗ ಬಿಳಿ ಬಟ್ಟೆಯ ಮೇಲೆ ಕಂದು ಪುಡಿ ಕಂಡಿತು. ಬೆರಳಿಗೆ ಹಚ್ಚಿ ಮೂಸಿದರೆ ಸೀನು ಬಂತು. ಎಲ್ಲ ಸಂದು ಮುಚ್ಚಿದ ಕೋಣೆಯಲ್ಲಿ, ಅವರು ತಲೆ ಇಡುವ ಜಾಗದಲ್ಲೇ ತಂಬಾಕಿನ ಪುಡಿ ಬಿದ್ದಿತ್ತು.

ಮಾಳಿಗೆಗೆ ಹೋಗಿ ನೋಡಿದೆ. ಗೋದಾಮಿನ ಗೋಡೆಗೆ ಹೊಸದಾಗಿ ದೊಡ್ಡ ಫ್ಯಾನು ಕೂರಿಸಿದ್ದರು. ಒಳಗಿನ ಧೂಳನ್ನೆಲ್ಲ ಹೊರಗೆಸೆಯುವ ಫ್ಯಾನು. ಅದರ ಬಾಯಿ ನೇರ ನಮ್ಮ ಪೈಪಿನ ಬಾಯಿಗೆ ಎದುರಾಗಿತ್ತು. ಆಮೇಲೆ ಮಷೀನು ಬಿಚ್ಚಿದೆ. ಫಿಲ್ಟರ್ ನಾನು ಒರೆಸಿಟ್ಟಂತೆಯೇ ಇತ್ತು, ಆದರೆ ಅದು ಕೂರುವ ಚೌಕಟ್ಟಿನ ರಬ್ಬರು ಅಟ್ಟದ ಬಿಸಿಗೆ ಒಣಗಿ ಕುಗ್ಗಿ, ಒಂದು ಬದಿಗೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಗಾಳಿ ಫಿಲ್ಟರನ್ನು ಬಿಟ್ಟು ಆ ಸಂದಿಯಿಂದಲೇ ನುಗ್ಗುತ್ತಿತ್ತು. ನೀವು ತೋರಿಸುವಾಗ ಬೆಳ್ಳಗಿದ್ದ ಕೋರ್ ಬೀಡಿ ಎಲೆಯ ಬಣ್ಣಕ್ಕೆ ತಿರುಗಿತ್ತು. 

ಇದರಲ್ಲಿ ಅರ್ಧವನ್ನು ಮಾತ್ರ ನಿಮಗೆ ಫೋನಿನಲ್ಲಿ ಹೇಳಿದ್ದೆ. ಗೋದಾಮಿನ ಸಂಗತಿ ಹೇಳಿರಲಿಲ್ಲ, ನೀವು ಅಲ್ಲಿಂದಲೇ ಜಗಳ ತೆಗೆಯುತ್ತೀರಿ ಎಂದು. ಮಾವನವರು ಆ ದಿನವೇ ಗೋದಾಮಿನ ಮಾಲೀಕ ಸಂಗ್ರಾಮನ ಹತ್ತಿರ ಹೋದರು, ನಾನೂ ಹಿಂದೆ ಹೋದೆ. ಸಂಗ್ರಾಮ ಕುರ್ಚಿ ಹಾಕಿಸಿ ಕೂರಿಸಿದ. "ಕಾಕಾ, ಹಂಗ್ಯಾಕ ಮಾತಾಡ್ತೀರಿ. ಒಳಗ ಹೆಣ್ಮಕ್ಕಳಿಗೆ ಉಸರ ಹಿಡಿತಿತ್ತು, ಅದಕ್ಕ ಫ್ಯಾನ್ ಹಾಕ್ಸೇನಿ. ನಿಮ್ಮ ಪೈಪ ಅಲ್ಲಿ ಐತಿ ಅಂತ ಖರೇನ ನನಗ ಗೊತ್ತಿರಲಿಲ್ಲ" ಅಂದ. ಮಾವನವರು ಧ್ವನಿ ಏರಿಸಿ, "ನನ್ನ ಹೇಣ್ತಿ ಸಾಯಾಕತ್ತಾಳ" ಅಂದರು. ಆ ಮಾತನ್ನು ಮನೆಯಲ್ಲಿ ಅಲ್ಲಿಯ ತನಕ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಸಂಗ್ರಾಮ ಎದ್ದು ಹೋಗಿ ಫ್ಯಾನಿನ ಬಟನ್ ಒತ್ತಿ ನಿಲ್ಲಿಸಿದ.

ಕೆಲವು ದಿನಗಳ ಮೇಲೆ ಸತ್ತೆವ್ವ ಬಂದಳು. ಅತ್ತೆಯ ಜೊತೆ ಒಂದೇ ಜರಡಿಗೆ ಕೈ ಹಾಕಿದವಳು, ಈಗಲೂ ಅಲ್ಲೇ ದುಡಿಯುತ್ತಾಳೆ. ಮೆಟ್ಟಿಲ ಮೇಲೆಯೇ ಅವಳ ಕೆಮ್ಮು ಕೇಳಿಸಿತು. ಮುಖಕ್ಕೆ ಕಟ್ಟಿದ ಬಟ್ಟೆ ಕೊರಳಿಗೆ ಜಾರಿತ್ತು, ರೆಪ್ಪೆಯ ಮೇಲೆಲ್ಲ ಪುಡಿ. ಕೋಣೆಗೆ ಬರುವ ಮೊದಲು ಬಚ್ಚಲಿಗೆ ಹೋಗಿ ಮುಖ, ಕೈ ತೊಳೆದು, ಸೀರೆ ಕೊಡವಿಕೊಂಡು ಬಂದಳು. ಅತ್ತೆಯ ಪಾದ ನೀವುತ್ತ ಮಗಳ ಮದುವೆ, ಯಡೂರಿನ ಗುಡಿಗೆ ಹೋಗಿ ಬಂದದ್ದು, ಏನೇನೋ ಮಾತಾಡಿದಳು. ಮಾತಿಗೊಮ್ಮೆ ಕೆಮ್ಮು. ಅತ್ತೆ ಅವಳ ಕೆಮ್ಮನ್ನೇ ಕೇಳುತ್ತಿದ್ದವರು, "ಒಳಗ ಫ್ಯಾನ್ ಬಂದ ಐತೇನ ಸತ್ತಿ?" ಅಂದರು. "ಇರ್ಲಿ ಬಿಡ ಸುಂದ್ರವ್ವಾ, ನಿನ್ನ ಜೀವಾ ದೊಡ್ಡದು" ಅಂದಳು ಸತ್ತೆವ್ವ. ಅವಳು ಏನನ್ನೂ ಕೇಳಲು ಬಂದಿರಲಿಲ್ಲ, ನಿಜವಾಗಿಯೂ ನೋಡಲೆಂದೇ ಬಂದಿದ್ದಳು. ಅವಳು ಹೋದ ಮೇಲೆ ಅತ್ತೆ ನನ್ನನ್ನೂ ಮಾವನವರನ್ನೂ ಹತ್ತಿರ ಕರೆದರು. ತಡೆದು ತಡೆದು ಹೇಳಿದ್ದನ್ನು ಕೂಡಿಸಿ ಬರೆಯುತ್ತೇನೆ: "ನಾವ ಅಲ್ಲಿ ದುಡಿಯೂವಾಗ ಒಂದ ಫ್ಯಾನ್ ಹಾಕ್ರಿ ಅಂತ ಸಂಗ್ರಾಮನ ಅಪ್ಪಗ ಕೈ ಮುಗದ ಕೇಳಿದ್ವಿ. ಹಾಕಲಿಲ್ಲ. ಈಗ ಮಗಾ ಹಾಕ್ಯಾನ. ನನ್ನ ಸಲುವಾಗಿ ಅದನ್ನ ಬಂದ ಮಾಡಸಬ್ಯಾಡ್ರಿ. ಒಳಗ ಮೂವತ್ತ ಮಂದಿ ಸುಂದ್ರವ್ವ ಅದಾರ." ಮಾವನವರು ಬಾಗಿಲ ಕಡೆ ಮುಖ ಮಾಡಿ ನಿಂತರು. ಮರುದಿನ ತಾವೇ ಹೋಗಿ ಫ್ಯಾನ್ ಚಾಲೂ ಮಾಡಿಸಿದರು.

ಪೈಪಿನ ಬಾಯಿಯನ್ನು ಅಡುಗೆಮನೆಯ ಕಡೆಗೆ ತಿರುಗಿಸಿದೆವು. ಮಾವನವರು ಏಣಿ ಹಿಡಿದರು, ನಾನು ಹಳೆಯ ತೂತಿಗೆ ಸಿಮೆಂಟು ಮೆತ್ತಿ, ಹೊಸ ಪೈಪು ಎಳೆದು ಬೆಳ್ಳಿ ಬಣ್ಣದ ಟೇಪು ಸುತ್ತಿದೆ. ಫಿಲ್ಟರಿನ ಚೌಕಟ್ಟಿಗೆ ಹೊಸ ರಬ್ಬರು ಹಾಕಿದೆ. ನೀವು ನೋಡಿದ್ದರೆ ಒಂದೆರಡು ತಪ್ಪು ಹುಡುಕುತ್ತಿದ್ದಿರಿ, ಆದರೆ ಗಾಳಿ ಸೋರುತ್ತಿರಲಿಲ್ಲ. ಉಳಿದದ್ದು ಕೋರ್. ತೊಳೆದರೆ ಕಾಗದ ಹಾಳಾಗುತ್ತದೆ ಎಂದಿರಿ, ತೊಳೆಯಲಿಲ್ಲ. ವ್ಯಾಕ್ಯೂಮಿನಿಂದ ಎಷ್ಟು ಎಳೆದರೂ ವಾಸನೆ ಹೋಗಲಿಲ್ಲ. ಹೊರಗಿನಿಂದ ಶುದ್ಧ ಗಾಳಿ ಬಂದರೂ ಕೋರಿನ ಮೂಲಕ ಹಾಯ್ದು ತಂಬಾಕು ನಾರುತ್ತಲೇ ಕೋಣೆಗೆ ಇಳಿಯುತ್ತಿತ್ತು. ಅಂಥ ಕೋರ್ ಇಲ್ಲಿ ಯಾರ ಬಳಿಯೂ ಇಲ್ಲ. ಅಷ್ಟರಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಎದೆಯಲ್ಲಿ ಕಫ ಕಟ್ಟಿದೆ ಎಂದಷ್ಟೇ ನಿಮಗೆ ಹೇಳಿದ್ದೆವು. ಮನೆಗೆ ಬರುವಾಗ ಆಕ್ಸಿಜನ್ ಕೊಳವೆಯೂ ಜೊತೆಗೆ ಬಂತು. ಫೋನ್ ಬಂದಾಗ ಅದನ್ನು ಮೂಗಿನಿಂದ ತೆಗೆದು ದಿಂಬಿನ ಹಿಂದೆ ಇಡುತ್ತಾರೆ.

ಭೀಮ ಜಯಂತಿಯ ದಿನ ಗೋದಾಮಿಗೆ ರಜೆ. ಬೀದಿಯಲ್ಲಿ ಮೆರವಣಿಗೆ ಬರುವ ಸಪ್ಪಳ ಕೋಣೆಯೊಳಗೆ ಗುಂಯ್ ಎನ್ನುತ್ತಿತ್ತು. ಅತ್ತೆ, "ಖಿಡಕಿ ತಗೀ, ನೀಲಾ" ಅಂದರು. ನಾನು ಬೇಡ ಎಂದೆ. ಅವರು ಕಿಟಕಿಯ ಕಡೆ ಕೈ ಚಾಚಿದರು. ಚಾಕುವಿನಿಂದ ನೀವು ಬಡಿದ ರಬ್ಬರನ್ನು ಕೊಯ್ದು ಕಿಟಕಿ ತೆರೆದೆ. ನೀಲಿ ಬಾವುಟಗಳು, ಹುಡುಗಿಯರ ಲೇಝಿಮ್ ಕುಣಿತ, ಕಾದ ನೆಲಕ್ಕೆ ಟ್ಯಾಂಕರಿನವರು ಹೊಡೆದ ನೀರಿನ ವಾಸನೆ. ಅತ್ತೆ ಮಾಯಾಳ ಹೆಗಲು ಹಿಡಿದು ಕೂತು ಮೆರವಣಿಗೆ ದಾಟುವ ತನಕ ನೋಡಿದರು. ಆಮೇಲೆ ಮೇಲೆ ನೋಡಿ, "ಅದನ್ನ ಬಂದ ಮಾಡ. ಅವಗ ಹೇಳಬ್ಯಾಡ, ನೊಂದಕೋತಾನ" ಅಂದರು. ಅಂದಿನಿಂದ ಮಷೀನು ನಿಂತಿದೆ. ಗೋದಾಮು ತೆರೆಯುವ ಮೊದಲು ಮತ್ತು ಮುಚ್ಚಿದ ಮೇಲೆ ಕಿಟಕಿ ತೆರೆಯುತ್ತೇವೆ. ಹಗಲು ಮುಚ್ಚಿ ಒದ್ದೆ ಚಾದರ ಕಟ್ಟುತ್ತೇವೆ. ಇದರಿಂದ ಅವರಿಗೆ ಗುಣವಾಗಿಲ್ಲ. ಉಗುರು ನೀಲಿಯಾಗುತ್ತದೆ, ತುತ್ತು ನುಂಗಲು ದಣಿವು. ಆದರೆ ಸೆರಗನ್ನು ಮೂಗಿಗೆ ಒತ್ತಿಕೊಳ್ಳುವುದನ್ನು ಬಿಟ್ಟಿದ್ದಾರೆ. ನಿಮ್ಮ ಮಷೀನು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆ ಒಂದು ವರ್ಷದ ನಿದ್ದೆಯನ್ನು ಅವರಿಗೆ ಕೊಟ್ಟದ್ದು ಅದೇ.

ಮಾವನವರು ಆಶೀರ್ವಾದ ತಿಳಿಸಿದ್ದಾರೆ. ಮಾಯಾ ಅಪ್ಪನಿಗೆ ಜೈಭೀಮ ಹೇಳಿದ್ದಾಳೆ, ಬಣ್ಣದ ಪೆನ್ಸಿಲ್ ಮರೆಯಬಾರದಂತೆ. ಮೈ ಕಡೆ ಲಕ್ಷ್ಯವಿರಲಿ.

ನಿಮ್ಮ,
ನೀಲಮ

ತಾ.ಕ.: ದಸ್ತಗೀರ ಹೊರಗೆ ಗಾಡಿ ಚಾಲೂ ಇಟ್ಟು ನಿಂತಿದ್ದಾನೆ. ಇಷ್ಟೆಲ್ಲ ಬರೆದು ಬರೆಯಬೇಕಾದದ್ದನ್ನೇ ಬರೆಯಲಿಲ್ಲ. ಅತ್ತೆ ಮಳೆಗಾಲದ ತನಕ ಇರುತ್ತಾರೆಂದು ಹೇಳಲಾಗದು, ಮಗನನ್ನು ಕರೆಸಿಕೊಳ್ಳಿ ಎಂದು ಡಾಕ್ಟರು ಹೋದ ವಾರ ಹೇಳಿದರು. ಇದು ಅತ್ತೆಗೆ ಗೊತ್ತು, ನಿಮಗೆ ತಿಳಿಸಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಆಣೆ ಮುರಿದಿದ್ದೇನೆ. ಓದಿದ ದಿನವೇ ರಜೆ ಕೇಳಿ, ಬನ್ನಿ. ನಿನ್ನೆ ಅವರ ತಲೆ ಬಾಚುವಾಗ, ಇವರು ಬಂದರೆ ನಿಮಗೆ ಏನು ತರಿಸಲಿ ಎಂದು ಸುಮ್ಮನೆ ಕೇಳಿದೆ. "ಏನೂ ಬ್ಯಾಡ. ಬಂದ ಕೂಡ್ಲೇ ಅವ ಮಷೀನ್ ಬಿಚ್ಚಾಕ ಮ್ಯಾಲ ಹತ್ತತಾನ. ಹತ್ತಾಕ ಬಿಡಬ್ಯಾಡ. ನನ್ನ ಹತ್ರ ಕುಂಡ್ರಸ" ಅಂದರು.